ಅಂಗೈ ಮೋಟರಿಗೆ ಬಿಸಿ, ಹಬೆ, ಮಳೆಗಾಲ: ಓದುಗರ ಪ್ರಶ್ನೆಗಳಿಗೆ ಉತ್ತರ

ಮೂಳೆ ಕೊರೆಯುವ, ಕೊಯ್ಯುವ, ತೇಯುವ ಕೈ ಉಪಕರಣಗಳ ಒಳಗಿನ ಮೋಟರಿನ ಬಗ್ಗೆ ಶಿವಮೊಗ್ಗ ಜಿಲ್ಲೆಯ ಬೇರೆ ಬೇರೆ ಊರುಗಳಿಂದ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಲೆಕ್ಕ ಬರುವ ಕಡೆ ಲೆಕ್ಕವನ್ನೇ ಕೊಟ್ಟಿದ್ದೇವೆ. ಪೆನ್ನು ಪಕ್ಕದಲ್ಲಿದ್ದರೆ ಅನುಕೂಲ.

ಅಡಿಕೆ ಸುಲಿಯುವ ಯಂತ್ರದ 1 ಎಚ್‌ಪಿ ಮೋಟರನ್ನು ಎತ್ತಲು ಎರಡೂ ಕೈ ಬೇಕು. ಅದರ ಆರನೇ ಒಂದು ಭಾಗದಷ್ಟು ಶಕ್ತಿಯ ಮೋಟರು ಮೂಳೆ ಡ್ರಿಲ್ಲಿನ ಹಿಡಿಯೊಳಗೆ ಹೇಗೆ ಕೂರುತ್ತದೆ? ಗಾತ್ರದ ಲೆಕ್ಕವನ್ನು ಎಲ್ಲಿಂದ ಶುರು ಮಾಡಬೇಕು?
— ಎಂಜಿನಿಯರಿಂಗ್ ವಿದ್ಯಾರ್ಥಿ, ಸಾಗರ

ಮೋಟರಿನ ಗಾತ್ರವನ್ನು ನಿರ್ಧರಿಸುವುದು ಶಕ್ತಿಯಲ್ಲ, ಟಾರ್ಕು, ಅಂದರೆ ತಿರುಗಿಸುವ ಬಲ. ರೋಟರಿನ (ಒಳಗೆ ತಿರುಗುವ ಭಾಗದ) ವ್ಯಾಸದ ವರ್ಗವನ್ನು ಉದ್ದದಿಂದ ಗುಣಿಸಿದರೆ ಬರುವುದಕ್ಕೆ ಸರಿಸುಮಾರು ಅನುಪಾತದಲ್ಲಿ ಟಾರ್ಕು ಸಿಗುತ್ತದೆ. ಅಡಿಕೆ ಯಂತ್ರದ ಮೋಟರು 50 ಹರ್ಟ್ಸ್ ಕರೆಂಟಿಗೆ ಕಟ್ಟುಬಿದ್ದು 1440 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಆಸುಪಾಸಿನಲ್ಲೇ ತಿರುಗಬೇಕು. ಆ ವೇಗದಲ್ಲಿ 746 ವ್ಯಾಟ್ ಕೊಡಲು ಸುಮಾರು 4.9 ನ್ಯೂಟನ್ ಮೀಟರ್ ಟಾರ್ಕು ಬೇಕು. ವೇಗವನ್ನು ಏರಿಸಿದರೆ ಅಷ್ಟೇ ಶಕ್ತಿ ಕಡಿಮೆ ಟಾರ್ಕಿನಲ್ಲಿ ಸಿಗುತ್ತದೆ, ಮೋಟರು ಕುಗ್ಗುತ್ತದೆ.

ನಿಮ್ಮ ಡ್ರಿಲ್ಲಿನ ಚಕ್ಕಿನಲ್ಲಿ (ಕೊರೆಯುವ ಬಿಟ್ಟನ್ನು ಹಿಡಿಯುವ ಬಾಯಿಯಲ್ಲಿ) 1000 ಆರ್‌ಪಿಎಂ, 1 ನ್ಯೂಟನ್ ಮೀಟರ್ ಬೇಕು ಎಂದಿಟ್ಟುಕೊಳ್ಳಿ. ಅದು 105 ವ್ಯಾಟ್. ಗೇರಿಲ್ಲದೆ ನೇರವಾಗಿ ಜೋಡಿಸಿದರೆ ಮೋಟರೇ 1 ನ್ಯೂಟನ್ ಮೀಟರ್ ಕೊಡಬೇಕಾಗುತ್ತದೆ, ಅಂಥದ್ದು ಹಿಡಿಯೊಳಗೆ ಕೂರುವುದಿಲ್ಲ. ಎರಡು ಹಂತದ ಗ್ರಹಚಕ್ರ ಗೇರು ಹಾಕಿ: ನಡುವಿನ ಗೇರಿಗೆ 12 ಹಲ್ಲು, ಸುತ್ತುವ ಮೂರು ಗೇರುಗಳಿಗೆ 18, ಹೊರಬಳೆಗೆ 48. ಒಂದು ಹಂತಕ್ಕೆ 5, ಎರಡಕ್ಕೆ 25 ಪಟ್ಟು. ಹಂತಕ್ಕೆ ಶೇ 90 ದಕ್ಷತೆ ಹಿಡಿದರೆ ಒಟ್ಟು ಶೇ 81. ಈಗ ಮೋಟರು 25,000 ಆರ್‌ಪಿಎಂನಲ್ಲಿ 49 ಮಿಲಿನ್ಯೂಟನ್ ಮೀಟರ್ ಕೊಟ್ಟರೆ ಸಾಕು. ಅಡಿಕೆ ಮೋಟರಿನ ಟಾರ್ಕಿನ ನೂರರಲ್ಲಿ ಒಂದು ಭಾಗ! ನಿಮ್ಮ ಪ್ರಶ್ನೆಗೆ ಉತ್ತರ ಇಷ್ಟೇ.

ಮುಂದಿನದು ವೈಂಡಿಂಗ್, ಅಂದರೆ ಮೋಟರಿನೊಳಗಿನ ತಾಮ್ರದ ಸುರುಳಿ. ನಾಲ್ಕು ಲಿಥಿಯಂ ಸೆಲ್ಲು ಸರಣಿಯಲ್ಲಿಟ್ಟರೆ 14.4 ವೋಲ್ಟ್, ಭಾರ ಬಿದ್ದಾಗ ಸುಮಾರು 13. ಖಾಲಿ ತಿರುಗುವಾಗ 30,000 ಆರ್‌ಪಿಎಂ ಬೇಕೆಂದರೆ ವೋಲ್ಟಿಗೆ 2300 ಸುತ್ತು. ಈ ಅಳತೆಗಳನ್ನು ಹೊಂದಿಸುವ ಸ್ಥಿರಾಂಕ 9549ನ್ನು ಇದರಿಂದ ಭಾಗಿಸಿ: ಆಂಪಿಯರಿಗೆ 4.15 ಮಿಲಿನ್ಯೂಟನ್ ಮೀಟರ್. ಅಂದರೆ 49ಕ್ಕೆ ಸುಮಾರು 12 ಆಂಪಿಯರ್. ವೈಂಡಿಂಗಿನ ರೋಧ 60 ಮಿಲಿಓಂ ಇದ್ದರೆ ತಾಮ್ರದಲ್ಲೇ 8.6 ವ್ಯಾಟ್ ಬಿಸಿ. ತಾಮ್ರದ ರೋಧ ಡಿಗ್ರಿಗೆ ಶೇ 0.39ರಂತೆ ಏರುವುದರಿಂದ, ವೈಂಡಿಂಗ್ 125 ಡಿಗ್ರಿಗೆ ಹೋದಾಗ ಅದೇ ಕರೆಂಟಿಗೆ 12 ವ್ಯಾಟ್. ಕ್ಯಾಟಲಾಗಿನಲ್ಲಿ ಕಾಣುವ ಗರಿಷ್ಠ ಟಾರ್ಕಿಗೆ ಮರುಳಾಗಬೇಡಿ. ಟಾರ್ಕಿನ ಸ್ಥಿರಾಂಕವನ್ನು ರೋಧದ ವರ್ಗಮೂಲದಿಂದ ಭಾಗಿಸಿದರೆ ಬರುವ ಅಂಕಿಯನ್ನು ಹೋಲಿಸಿ ನೋಡಿ. ಒಂದೇ ಗಾತ್ರದ ಎರಡು ಮೋಟರುಗಳಲ್ಲಿ ಯಾವುದು ಕಡಿಮೆ ಬಿಸಿಗೆ ಹೆಚ್ಚು ಟಾರ್ಕು ಕೊಡುತ್ತದೆ ಎಂದು ತಿಳಿಯುವುದು ಅದರಿಂದ.

ಪ್ರಾಜೆಕ್ಟಿಗೆ ಮಾಡಿದ ಡ್ರಿಲ್ಲು ಮೂರೇ ನಿಮಿಷಕ್ಕೆ ಹಿಡಿಯಲಾಗದಷ್ಟು ಕಾಯುತ್ತದೆ. ಮೋಟರಿನ ದಕ್ಷತೆ ಶೇ 90ರ ಹತ್ತಿರವಿದೆ. ಫ್ಯಾನು ಹಾಕಬಹುದೇ?
— ನಾಲ್ವರು ವಿದ್ಯಾರ್ಥಿಗಳು, ಶಿವಮೊಗ್ಗ

ಫ್ಯಾನು ಬೇಡ. ಗಾಳಿ ಹೋಗುವ ತೂತಿನಲ್ಲಿ ರಕ್ತವೂ ಹೋಗುತ್ತದೆ, ಒಳಗಿನ ಧೂಳು ಗಾಯದ ಮೇಲೆ ಬೀಳುತ್ತದೆ.

ಮೊದಲು ಬಿಸಿ ಎಲ್ಲಿ ಹುಟ್ಟುತ್ತಿದೆ ಎಂದು ನೋಡಿ. ಮೇಲಿನ ಲೆಕ್ಕವನ್ನೇ ಹಿಡಿದರೆ ಮೋಟರು ಕೊಡುವುದು 129 ವ್ಯಾಟ್, ಚಕ್ಕಿಗೆ ಮುಟ್ಟುವುದು 105. ಉಳಿದ 24 ವ್ಯಾಟ್ ಗೇರಿನಲ್ಲಿ ಬಿಸಿಯಾಗುತ್ತದೆ. ತಾಮ್ರದ್ದು 12, ಸ್ಟೇಟರ್ (ರೋಟರಿನ ಸುತ್ತ ನಿಂತಿರುವ ಭಾಗ) ಕಬ್ಬಿಣದ್ದು 4 ಸೇರಿಸಿದರೆ 40. ಎಲ್ಲರೂ ಬೈಯುವುದು ಮೋಟರನ್ನು, ಹೆಚ್ಚು ಕಾಯುವುದು ಗೇರು. ನಿಮ್ಮದರಲ್ಲಿ ಮೊದಲ ಹಂತಕ್ಕೆ ಗ್ರೀಸು ತುಂಬಿ ತುಳುಕುವಷ್ಟು ಹಾಕಿರುವ ಸಾಧ್ಯತೆ ಇದೆ. 25,000 ಸುತ್ತಿನಲ್ಲಿ ಗೇರು ಗ್ರೀಸನ್ನು ಮಜ್ಜಿಗೆಯಂತೆ ಕಡೆಯುತ್ತದೆ. ಹಲ್ಲಿನ ಮೇಲೆ ತೆಳುಪದರ ಉಳಿದರೆ ಸಾಕು.

ಇನ್ನು ಹೊರಗೆ ಹೋಗುವ ಬಿಸಿ. ಹಿಡಿಯ ಹೊರಮೈ 150 ಚದರ ಸೆಂಟಿಮೀಟರ್, ಆಪರೇಷನ್ ಥಿಯೇಟರಿನಲ್ಲಿ 22 ಡಿಗ್ರಿ. ಒಂದು ನಿಮಿಷಕ್ಕಿಂತ ಹೆಚ್ಚು ಹಿಡಿಯುವ ಲೋಹದ ಭಾಗಕ್ಕೆ ವೈದ್ಯಕೀಯ ವಿದ್ಯುತ್ ಉಪಕರಣಗಳ ಸುರಕ್ಷತಾ ಮಾನದಂಡ ಐಇಸಿ 60601-1 ಇಟ್ಟಿರುವ ಮಿತಿ 48 ಡಿಗ್ರಿ. ಸುಮ್ಮನಿರುವ ಗಾಳಿಗೆ ಚದರ ಮೀಟರಿಗೆ, ಡಿಗ್ರಿಗೆ 10 ವ್ಯಾಟ್ ಎಂದು ಹಿಡಿದರೆ ಆ ಮೈಯಿಂದ ಹೊರಹೋಗುವುದು ಬರೀ 4 ವ್ಯಾಟ್. ಹುಟ್ಟುವುದು 40, ಹೋಗುವುದು 4. ಮಿಕ್ಕದ್ದೆಲ್ಲ ಲೋಹದಲ್ಲಿ ಕೂಡಿಬೀಳುತ್ತದೆ. 500 ಗ್ರಾಂ ಉಪಕರಣ ಡಿಗ್ರಿಗೆ ಸುಮಾರು 300 ಜೂಲ್ ಹಿಡಿಯುತ್ತದೆ, 26 ಡಿಗ್ರಿ ಏರಲು 7800 ಜೂಲ್. ಪೂರ್ಣ ಭಾರದಲ್ಲಿ ಮೂರು ನಿಮಿಷ, ಹೆಚ್ಚೆಂದರೆ ಮೂರೂವರೆ. ನಿಮ್ಮ ಡ್ರಿಲ್ಲು ಲೆಕ್ಕದ ಪ್ರಕಾರವೇ ನಡೆಯುತ್ತಿದೆ, ಕೆಟ್ಟಿಲ್ಲ.

ನಿಜವಾದ ಶಸ್ತ್ರಚಿಕಿತ್ಸೆಯಲ್ಲಿ ಡ್ರಿಲ್ಲು ಕೆಲವು ಸೆಕೆಂಡು ಓಡಿ ನಿಲ್ಲುತ್ತದೆ. ಆದ್ದರಿಂದ ಓಡುವ ಹೊತ್ತು, ನಿಲ್ಲುವ ಹೊತ್ತು ಎರಡನ್ನೂ ಬರೆದುಕೊಂಡು ಸರಾಸರಿ ನಷ್ಟ 4 ವ್ಯಾಟಿನೊಳಗೆ ಬರುವಂತೆ ವಿನ್ಯಾಸ ಮಾಡಿ. ಸ್ಟೇಟರ್ ಮತ್ತು ಹೊರಗವಚದ ನಡುವೆ ಗಾಳಿಯ ಸೆರೆ ಉಳಿಯದಂತೆ ಎಪಾಕ್ಸಿ (ಸುರಿದ ಮೇಲೆ ಗಟ್ಟಿಯಾಗುವ ರಾಳ) ತುಂಬಿ. ಖನಿಜದ ಪುಡಿ ಬೆರೆಸಿದ ಎಪಾಕ್ಸಿ ಗಾಳಿಗಿಂತ ಸುಮಾರು 40 ಪಟ್ಟು ಚೆನ್ನಾಗಿ ಬಿಸಿ ದಾಟಿಸುತ್ತದೆ. ಒಂದೇ ಜಾಗ ಸುಡುವ ಬದಲು ಇಡೀ ಹಿಡಿ ಬೆಚ್ಚಗಾಗುತ್ತದೆ.

ಕೊರೆಯುವ ಬಿಟ್ಟು ಮೂಳೆಯಲ್ಲಿ ಸಿಕ್ಕಿಕೊಂಡ ಗಳಿಗೆಯನ್ನು ಬೇರೆಯಾಗಿಯೇ ಲೆಕ್ಕ ಹಾಕಿ. ಕರೆಂಟಿಗೆ 25 ಆಂಪಿಯರ್ ಮಿತಿ ಇಟ್ಟರೂ 37 ವ್ಯಾಟ್ ಪೂರ್ತಿ ತಾಮ್ರಕ್ಕೆ ಬೀಳುತ್ತದೆ. ತಾಮ್ರ ಇರುವುದು 15 ಗ್ರಾಂ ಎಂದರೆ ಸೆಕೆಂಡಿಗೆ 6 ಡಿಗ್ರಿಗಿಂತ ಹೆಚ್ಚು ಏರಿಕೆ. ಮಿತಿಯೇ ಇಲ್ಲದಿದ್ದರೆ ಕರೆಂಟು 100 ಆಂಪಿಯರ್ ದಾಟುತ್ತದೆ, ವಾಸನೆ ಬರುವ ಹೊತ್ತಿಗೆ ವೈಂಡಿಂಗ್ ಹೋಗಿರುತ್ತದೆ. ಒಂದು ಸೆಕೆಂಡು ತಿರುಗದಿದ್ದರೆ ಮೋಟರಿಗೆ ಕರೆಂಟು ಹಂಚುವ ಕಂಟ್ರೋಲರ್ ತಾನೇ ನಿಲ್ಲಬೇಕು.

ಹಲ್ಲುಗಳಿರುವ ಸ್ಟೇಟರ್ ಒಳ್ಳೆಯದೋ, ಸ್ಲಾಟ್ (ಹಲ್ಲುಗಳ ನಡುವಿನ ಸಂದು) ಇಲ್ಲದ್ದೋ?
— ಉಪನ್ಯಾಸಕ, ಭದ್ರಾವತಿ

ಕೆಲಸ ನೋಡಿ ಹೇಳಬೇಕು. ಡ್ರಿಲ್ಲು, ರೀಮರ್ (ತೂತು ಅಗಲಿಸುವ ಉಪಕರಣ), ಗರಗಸದಂತೆ ಗೇರಿನ ಮೂಲಕ ಟಾರ್ಕು ಎಳೆಯುವ ಉಪಕರಣಕ್ಕೆ ಹಲ್ಲಿರುವ, ನಾಲ್ಕು ಕಾಂತಧ್ರುವದ ಮೋಟರೇ ನಮ್ಮ ಆಯ್ಕೆ. ತಾಮ್ರ ಹಲ್ಲುಗಳ ನಡುವೆ ಕೂರುವುದರಿಂದ ರೋಟರು, ಸ್ಟೇಟರ್ ನಡುವಿನ ಗಾಳಿಯಂತರ ಕಿರಿದಾಗುತ್ತದೆ, ಅದೇ ಬಿಸಿಗೆ ಹೆಚ್ಚು ಟಾರ್ಕು ಸಿಗುತ್ತದೆ. ಕೈಯಲ್ಲಿ ತಿರುಗಿಸಿದರೆ ಕಟಕಟ ಎಂದು ತಡೆಯುವುದು ಅದರ ದೋಷ, ಗೇರಿನಾಚೆ ಅದು ಅಷ್ಟಾಗಿ ತಿಳಿಯುವುದಿಲ್ಲ.

ತಲೆಬುರುಡೆ, ಕಿವಿಯ ಮೂಳೆ ತೇಯುವ ಬರ್ರು 70,000 ಆರ್‌ಪಿಎಂಗೆ ಹೋದಾಗ ಕಥೆ ಬೇರೆ. ಎರಡು ಧ್ರುವದ ರೋಟರಾದರೆ ಕಬ್ಬಿಣದಲ್ಲಿ ಕಾಂತಕ್ಷೇತ್ರ ಸೆಕೆಂಡಿಗೆ 1167 ಸಲ ತಿರುಗುತ್ತದೆ, ನಾಲ್ಕು ಧ್ರುವವಾದರೆ ಅದರ ಎರಡರಷ್ಟು. ಕಬ್ಬಿಣದೊಳಗಿನ ಸುಳಿಕರೆಂಟಿನ ನಷ್ಟ ಆವರ್ತನದ ವರ್ಗಕ್ಕೆ ಏರುವುದರಿಂದ ಇಲ್ಲಿ ಎರಡು ಧ್ರುವ, ಸ್ಲಾಟ್ ಇಲ್ಲದ ಸ್ಟೇಟರ್, 0.2 ಮಿಲಿಮೀಟರಿಗಿಂತ ದಪ್ಪವಿಲ್ಲದ ಸಿಲಿಕಾನ್ ಉಕ್ಕಿನ ಹಾಳೆ ಬೇಕು. ನಿಮ್ಮೂರಿನ ಕಾರ್ಖಾನೆಯ ಹೆಸರುವಾಸಿ ಮಿಶ್ರಲೋಹದ ಉಕ್ಕು ಶಾಫ್ಟು, ಗೇರುಗಳ ಜಾತಿಯದು. ಈ ಹಾಳೆಯ ಜಾತಿಯೇ ಬೇರೆ.

ಸ್ಲಾಟ್ ಇಲ್ಲದ ಮೋಟರಿಗೆ ಹೊಸಬರು ಹಳೆಯ ಕಂಟ್ರೋಲರನ್ನೇ ಜೋಡಿಸಿ ಸೋಲುತ್ತಾರೆ. ಅದರ ಇಂಡಕ್ಟನ್ಸ್ (ಕರೆಂಟಿನ ಏರಿಳಿತವನ್ನು ತಡೆಯುವ ಗುಣ) ತೀರ ಕಡಿಮೆ. 14.4 ವೋಲ್ಟ್, 30 ಮೈಕ್ರೋಹೆನ್ರಿ ಇದ್ದು 20 ಕಿಲೋಹರ್ಟ್ಸ್‌ನಲ್ಲಿ ಸ್ವಿಚ್ ಮಾಡಿದರೆ ಕರೆಂಟಿನ ಏರಿಳಿತವೇ 6 ಆಂಪಿಯರ್. ಖಾಲಿ ತಿರುಗುವಾಗಲೂ ಮೋಟರು ಕಾಯುತ್ತದೆ, ಕಾರಣ ಮಾತ್ರ ತಿಳಿಯುವುದಿಲ್ಲ. 80 ಕಿಲೋಹರ್ಟ್ಸ್‌ಗೆ ಏರಿಸಿ, 1.5ಕ್ಕೆ ಇಳಿಯುತ್ತದೆ.

ದುರಸ್ತಿಗೆ ಬಂದ ಹ್ಯಾಂಡ್‌ಪೀಸ್‌ಗಳಲ್ಲಿ ಮೋಟರು ಆಟೋಕ್ಲೇವಿನಲ್ಲಿ (ಹಬೆಯಿಂದ ಕ್ರಿಮಿ ಕೊಲ್ಲುವ ಯಂತ್ರದಲ್ಲಿ) ನಲವತ್ತು ಐವತ್ತು ಸಲ ಬೆಂದ ಮೇಲೆ ಸಾಯುತ್ತದೆ. ಬಿಚ್ಚಿದರೆ ರೋಟರಿನ ಸುತ್ತ ಬೂದು ಪುಡಿ. 134 ಡಿಗ್ರಿಗೆ ಅಯಸ್ಕಾಂತ ಸುಟ್ಟುಹೋಗುತ್ತದೆಯೇ?
— ವೈದ್ಯಕೀಯ ಉಪಕರಣ ದುರಸ್ತಿಗಾರ, ಶಿವಮೊಗ್ಗ

ಸುಡುವುದಿಲ್ಲ, ತುಕ್ಕು ಹಿಡಿಯುತ್ತದೆ. ಆ ಪುಡಿ ನಿಯೋಡಿಮಿಯಂ ಅಯಸ್ಕಾಂತದ್ದೇ. ನಿಕಲ್ ಲೇಪ ಒಂದು ಮೂಲೆಯಲ್ಲಿ ಚಕ್ಕೆ ಎದ್ದರೆ ಸಾಕು, ಹಬೆ ಅಲ್ಲಿಂದ ಒಳಹೊಕ್ಕು ಕಣಗಳ ಸಂದುಗಳನ್ನು ತಿನ್ನುತ್ತದೆ. ಅಯಸ್ಕಾಂತ ಉಬ್ಬಿ 0.3 ಮಿಲಿಮೀಟರ್ ಗಾಳಿಯಂತರ ಮುಚ್ಚಿ ರೋಟರು ಹಿಡಿದುಕೊಳ್ಳುತ್ತದೆ.

ಆಟೋಕ್ಲೇವನ್ನು ಬಿಸಿನೀರಿನ ಹಂಡೆ ಎಂದುಕೊಂಡವರಿಗೆ ಇದರ ಕಾಟ ಅರ್ಥವಾಗುವುದಿಲ್ಲ. ಮೊದಲು ನಿರ್ವಾತ ಎಳೆದು ಒಳಗಿನ ಗಾಳಿಯನ್ನೆಲ್ಲ ಹೊರತೆಗೆಯುತ್ತದೆ, ಆಮೇಲೆ 134 ಡಿಗ್ರಿಯ ಹಬೆಯನ್ನು ವಾತಾವರಣದ ಮೂರು ಪಟ್ಟು ಒತ್ತಡದಲ್ಲಿ ನುಗ್ಗಿಸುತ್ತದೆ. ಹೀಗೆ ಹಲವು ಸಲ. ಎಲ್ಲಿ ಕೂದಲೆಳೆಯ ಬಿರುಕಿದೆಯೋ ಅಲ್ಲೆಲ್ಲ ಹಬೆ ತುಂಬುತ್ತದೆ. ತಣಿಯುವಾಗ ಅದು ನೀರಾಗಿ ಕುಗ್ಗಿ ಹೊರಗಿನ ತೇವವನ್ನೂ ಹೀರಿಕೊಳ್ಳುತ್ತದೆ. ರಬ್ಬರ್ ಸೀಲು ಹಾಕಿ ಪೂರ್ತಿ ಮುಚ್ಚುತ್ತೇವೆ ಎನ್ನುವವರು ಸಾಮಾನ್ಯವಾಗಿ ನೀರನ್ನು ಒಳಗೇ ಕೂಡಿಹಾಕುತ್ತಾರೆ. ನಮಗೆ ಸರಿ ಕಂಡ ದಾರಿ ಬೇರೆ: ಸ್ಟೇಟರನ್ನು ಎಪಾಕ್ಸಿಯಲ್ಲಿ ಪೂರ್ತಿ ಮುಳುಗಿಸಿ, ರೋಟರು ಒದ್ದೆಯಾಗಲಿ, ಒದ್ದೆಯಾದರೂ ತಡೆಯುವಂತೆ ಮಾಡಿ.

ರೋಟರಿಗೆ ಸಮೇರಿಯಂ ಕೋಬಾಲ್ಟ್ ಅಯಸ್ಕಾಂತ ಹಾಕಿದರೆ ತುಕ್ಕಿನ ಚಿಂತೆ ಬಹುಪಾಲು ಹೋಗುತ್ತದೆ, 300 ಡಿಗ್ರಿಗೂ ಅಂಜುವುದಿಲ್ಲ. ದುಬಾರಿ, ಬಲ ತುಸು ಕಡಿಮೆ, ಗಾಜಿನಂತೆ ಒಡೆಯುತ್ತದೆ. ನಿಯೋಡಿಮಿಯಂ ಬೇಕೇ ಬೇಕೆಂದರೆ 150 ಡಿಗ್ರಿಗೆ ಹೇಳಿದ ಎಸ್‌ಎಚ್ ದರ್ಜೆಗಿಂತ ಕೆಳಗೆ ಹೋಗಬೇಡಿ. 80 ಡಿಗ್ರಿಯ ಸಾದಾ ದರ್ಜೆ ಆಟೋಕ್ಲೇವಿನಲ್ಲಿ ಒಂದಷ್ಟು ಬಲವನ್ನು ಖಾಯಂ ಕಳೆದುಕೊಳ್ಳುತ್ತದೆ. ಅಯಸ್ಕಾಂತದ ಮೇಲೆ ತೆಳುವಾದ ಸ್ಟೇನ್‌ಲೆಸ್ ಅಥವಾ ಟೈಟಾನಿಯಂ ತೋಳು ಹಾಕಿ ಎರಡೂ ತುದಿಗಳನ್ನು ಲೇಸರಿನಿಂದ ಬೆಸೆಯಿರಿ. ವೇಗದಲ್ಲಿ ಅಯಸ್ಕಾಂತ ಸಿಡಿಯದಂತೆ ಹಿಡಿಯುವುದೂ ಇದೇ ತೋಳು.

ಸ್ಟೇಟರ್ ಕಡೆ ಎಲ್ಲರೂ ಮರೆಯುವ ಜಾಗ ವೈರು ಹೊರಬರುವ ಬಾಯಿ. ಎಪಾಕ್ಸಿ ಎಷ್ಟೇ ಚೆನ್ನಾಗಿದ್ದರೂ, ಹಲವು ಎಳೆಗಳ ವೈರಿನ ಒಳಗೇ ದೀಪದ ಬತ್ತಿ ಎಣ್ಣೆ ಏರಿಸುವಂತೆ ನೀರು ಏರಿ ವೈಂಡಿಂಗಿಗೆ ತಲುಪುತ್ತದೆ. ಎಳೆಯ ವೈರನ್ನು ಗಟ್ಟಿ ಪಿನ್ನಿಗೆ ಬೆಸೆದು ಆ ಬೆಸುಗೆಯನ್ನು ಎಪಾಕ್ಸಿಯ ಒಳಗೇ ಹೂತುಬಿಡಿ. ಟೆಫ್ಲಾನ್ ಹೊದಿಕೆಯ ವೈರಾದರೆ ಎಪಾಕ್ಸಿ ಅಂಟುವುದೇ ಇಲ್ಲ, ರಾಸಾಯನಿಕವಾಗಿ ಮೈ ತರಿಮಾಡಿದ್ದನ್ನೇ ಕೊಳ್ಳಬೇಕು. ಎಪಾಕ್ಸಿಯ ಗಾಜು ಬಿಂದು (ಅದು ಮೆತ್ತಗಾಗತೊಡಗುವ ಉಷ್ಣತೆ) 150 ಡಿಗ್ರಿಗಿಂತ ಮೇಲಿರಲಿ. ಕೆಳಗಿದ್ದರೆ ಪ್ರತಿ ಸಲ ಮೆತ್ತಗಾಗಿ, ತಾಮ್ರಕ್ಕಿಂತ ಹಲವು ಪಟ್ಟು ಹಿಗ್ಗಿ, ತಣಿದಾಗ ತಂತಿಯಿಂದ ಬಿಟ್ಟುಕೊಳ್ಳುತ್ತದೆ.

ಪರೀಕ್ಷೆ ಸುಲಭ. ವೈಂಡಿಂಗ್ ಮತ್ತು ಕವಚದ ನಡುವಿನ ನಿರೋಧನ ರೋಧವನ್ನು 250 ವೋಲ್ಟ್ ಮೆಗ್ಗರಿನಿಂದ ಹೊಸದರಲ್ಲಿ ಅಳೆದು ಬರೆದಿಡಿ, ಆಮೇಲೆ ಪ್ರತಿ 25 ಆಟೋಕ್ಲೇವಿಗೊಮ್ಮೆ ಅಳೆಯಿರಿ. ರೋಟರು ಎಲ್ಲಿದೆ ಎಂದು ತಿಳಿಸುವ ಹಾಲ್ ಸೆನ್ಸರ್, ಕಂಟ್ರೋಲರ್ ಬಿಚ್ಚಿಟ್ಟೇ ಅಳೆಯಬೇಕು, ಇಲ್ಲವಾದರೆ ಅವು ಮೊದಲು ಸಾಯುತ್ತವೆ. ಗಿಗಾಓಂ ಲೆಕ್ಕದಲ್ಲಿದ್ದದ್ದು ಮೆಗಾಓಂಗೆ ಜಾರಿದರೆ ನೀರು ಒಳಬಂದಿದೆ ಎಂದೇ ಅರ್ಥ, ಆಗ ಮೋಟರು ಇನ್ನೂ ಚೆನ್ನಾಗಿಯೇ ತಿರುಗುತ್ತಿರುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಎಪಾಕ್ಸಿ ಹಾಕಿದರೆ ಮೇಲೆ ಅಂಟಂಟು, ಒಳಗೆ ಗುಳ್ಳೆ. ಬೇಸಿಗೆಯಲ್ಲಿ ಅದೇ ಡಬ್ಬಿ ಸರಿಯಾಗಿ ಗಟ್ಟಿಯಾಗುತ್ತದೆ.
— ರಿವೈಂಡಿಂಗ್ ಅಂಗಡಿ, ತೀರ್ಥಹಳ್ಳಿ

ಆಗುಂಬೆಯ ಮಗ್ಗುಲಲ್ಲಿ ಕುಳಿತು ಕೇಳಬೇಕಾದ ಪ್ರಶ್ನೆಯೇ! ಹಪ್ಪಳ ಡಬ್ಬಿಯಲ್ಲೇ ಮೆತ್ತಗಾಗುವ ಊರಿನಲ್ಲಿ ಎಪಾಕ್ಸಿಯನ್ನು ಗಟ್ಟಿಮಾಡುವ ಹಾರ್ಡನರೂ ತೇವ ಕುಡಿಯುತ್ತದೆ. ಅಮೀನ್ ಜಾತಿಯ ಹಾರ್ಡನರು ಗಾಳಿಯ ತೇವ, ಇಂಗಾಲದ ಡೈಆಕ್ಸೈಡಿನೊಂದಿಗೆ ಸೇರಿ ಮೇಲೆ ಜಿಡ್ಡಿನ ಪದರ ಕಟ್ಟುತ್ತದೆ. ಗುಳ್ಳೆ ಬರುವುದು ಸ್ಟೇಟರಿನ ಹಾಳೆಗಳ ನಡುವೆ, ನಿರೋಧಕ ಕಾಗದದಲ್ಲಿ ಕುಳಿತ ತೇವದಿಂದ.

ಸ್ಟೇಟರನ್ನು 100 ಡಿಗ್ರಿಯ ಓವನ್ನಿನಲ್ಲಿ ಎರಡು ಗಂಟೆ ಇಟ್ಟು, ಕೈಗೆ ಬೆಚ್ಚಗಿರುವಾಗಲೇ ಎಪಾಕ್ಸಿ ಸುರಿಯಿರಿ. ತಣ್ಣಗಾಗಲು ಹೊರಗಿಟ್ಟರೆ ಒಣಗಿಸಿದ್ದು ದಂಡ. ಬೆರೆಸಿದ ಎಪಾಕ್ಸಿಯನ್ನು ನಿರ್ವಾತದ ಡಬ್ಬಿಯಲ್ಲಿ ನೊರೆ ಉಕ್ಕಿ ಇಳಿಯುವವರೆಗೆ ಬಿಡಿ, ಪಾತ್ರೆ ಅಳತೆಗೆ ನಾಲ್ಕು ಪಟ್ಟು ದೊಡ್ಡದಿರಲಿ. ಹಾರ್ಡನರನ್ನು ಸಣ್ಣ ಬಾಟಲಿಗಳಲ್ಲಿ ಕೊಂಡು, ತೆರೆದದ್ದನ್ನು ಸಿಲಿಕಾ ಜೆಲ್ ಹಾಕಿದ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಅಳೆಯುವುದು ತಕ್ಕಡಿಯಲ್ಲಿ, ಕಣ್ಣಂದಾಜಿನಲ್ಲಿ ಅಲ್ಲ. ಗಟ್ಟಿಯಾಗುವಾಗ ನಡುವೆ ಕರೆಂಟು ಹೋದರೆ ಗಾಜು ಬಿಂದು ಹೇಳಿದಷ್ಟು ಏರುವುದಿಲ್ಲ, ಓವನ್ನಿಗೆ ಬ್ಯಾಕಪ್ ಇಲ್ಲದೆ ಆ ಕೆಲಸಕ್ಕೆ ಕೈ ಹಾಕಬೇಡಿ.

ಮೂರು ಹಾಲ್ ಸೆನ್ಸರ್ ಹಾಕಿದ್ದೇನೆ. ಮೋಟರು ಶುರುವಿಗೆ ಅದುರುತ್ತದೆ, ಒಂದು ದಿಕ್ಕಿನಲ್ಲಿ ಹೆಚ್ಚು ಕರೆಂಟು ಎಳೆಯುತ್ತದೆ.
— ಡಿಪ್ಲೊಮಾ ವಿದ್ಯಾರ್ಥಿ, ಶಿಕಾರಿಪುರ

ಸೆನ್ಸರುಗಳು ಜಾಗ ತಪ್ಪಿವೆ. ವಿದ್ಯುತ್ ಕೋನದ (ಒಂದು ಜೋಡಿ ಧ್ರುವಕ್ಕೆ 360 ಡಿಗ್ರಿ ಎಂದು ಎಣಿಸುವ ಕೋನದ) 120 ಡಿಗ್ರಿ ಎಂದರೆ ನಾಲ್ಕು ಧ್ರುವದ ಮೋಟರಿನಲ್ಲಿ ಕಣ್ಣಿಗೆ ಕಾಣುವ 60 ಡಿಗ್ರಿ. 6 ಮಿಲಿಮೀಟರ್ ತ್ರಿಜ್ಯದಲ್ಲಿ ಅರ್ಧ ಮಿಲಿಮೀಟರ್ ಸರಿದರೂ ವಿದ್ಯುತ್ ಕೋನದಲ್ಲಿ 9.5 ಡಿಗ್ರಿ ತಪ್ಪು. ಮೂರೂ ಒಂದೇ ಕಡೆ ಸರಿದಿದ್ದರೆ ಒಂದು ದಿಕ್ಕಿನಲ್ಲಿ ಮುಂಚೆ, ಇನ್ನೊಂದರಲ್ಲಿ ತಡವಾಗಿ ಸ್ವಿಚ್ ಆಗುತ್ತದೆ, ನಿಮ್ಮ ಲಕ್ಷಣ ಅದೇ. ಮೋಟರನ್ನು ಹೊರಗಿನಿಂದ ತಿರುಗಿಸಿ ಆಸಿಲೊಸ್ಕೋಪಿನಲ್ಲಿ ತಿರುಗುವ ಮೋಟರು ತಾನೇ ಹುಟ್ಟಿಸುವ ಹಿಮ್ಮುಖ ವೋಲ್ಟೇಜು ಸೊನ್ನೆ ದಾಟುವ ಗಳಿಗೆ, ಸೆನ್ಸರ್ ಬದಲಾಗುವ ಗಳಿಗೆ ಎರಡನ್ನೂ ಒಟ್ಟಿಗೆ ನೋಡಿ ಬೋರ್ಡನ್ನು ಸರಿಸಿ, ಆಮೇಲೆ ಅಂಟಿಸಿ. ಈ ವೋಲ್ಟೇಜನ್ನೇ ನೋಡಿ ನಡೆಯುವ, ಸೆನ್ಸರ್ ಇಲ್ಲದ ಕಂಟ್ರೋಲರ್ ಬರ್ರಿಗೆ ಸಾಕು. ಭಾರ ಹೊತ್ತೇ ಶುರುವಾಗುವ ಡ್ರಿಲ್ಲಿಗೆ ಸಾಲದು, ನಿಂತ ಮೋಟರಿನಲ್ಲಿ ಹಿಮ್ಮುಖ ವೋಲ್ಟೇಜೇ ಇರುವುದಿಲ್ಲ.

ಬೇರಿಂಗ್ ಕೂರುವ ಕವಚವನ್ನು ಅಲ್ಯೂಮಿನಿಯಂನಲ್ಲಿ ತಿರುಗಿಸಿ ಕೊಟ್ಟಿದ್ದೆವು. ಆಟೋಕ್ಲೇವ್ ಆದ ಮೇಲೆ ಬೇರಿಂಗಿನ ಹೊರಬಳೆ ಸಡಿಲ ಎಂದು ವಾಪಸ್ ಬಂದಿದೆ. ಅಳತೆ ಸರಿಯಾಗಿಯೇ ಇತ್ತು.
— ಲೇತ್ ವರ್ಕ್‌ಶಾಪ್, ಮಾಚೇನಹಳ್ಳಿ

24 ಡಿಗ್ರಿಯಲ್ಲಿ ಸರಿಯಿತ್ತು. 134 ಡಿಗ್ರಿಯಲ್ಲಿ ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚು ಹಿಗ್ಗಿ, 13 ಮಿಲಿಮೀಟರ್ ಬೇರಿಂಗಿನ ಸುತ್ತ ಸುಮಾರು 16 ಮೈಕ್ರಾನ್ ಜಾಗ ಬಿಡುತ್ತದೆ. ನೂರು ಸಲ ಹೀಗಾದರೆ ಕೂರುವ ಜಾಗ ಸವೆದು ಹೊರಬಳೆಯೇ ತಿರುಗಲು ಶುರುವಿಡುತ್ತದೆ. ಬೇರಿಂಗ್ ಜಾಗಕ್ಕೆ ಸ್ಟೇನ್‌ಲೆಸ್ ಬುಶ್ ಹಾಕಿ. ತೊಳೆಯುವ ಯಂತ್ರದ ಕ್ಷಾರೀಯ ಸೋಪು ಅಲ್ಯೂಮಿನಿಯಂನ ಆನೊಡೈಜಿಂಗನ್ನೂ ತಿನ್ನುತ್ತದೆ ಎಂದು ಗಿರಾಕಿಗೆ ಮೊದಲೇ ಹೇಳಿ.

ರೋಟರ್ ಬ್ಯಾಲೆನ್ಸಿಂಗ್ ಕೂಡ ಕೇಳಿದ್ದೀರಿ. 70,000 ಆರ್‌ಪಿಎಂನಲ್ಲಿ ಜಿ 2.5 ದರ್ಜೆ ಎಂದರೆ ಭಾರದ ಕೇಂದ್ರ 0.34 ಮೈಕ್ರಾನ್‌ಗಿಂತ ಸರಿಯಬಾರದು. 15 ಗ್ರಾಂ ರೋಟರಿನ 4 ಮಿಲಿಮೀಟರ್ ತ್ರಿಜ್ಯದಲ್ಲಿ ಅದು 1.3 ಮಿಲಿಗ್ರಾಂ, ಸಾಸಿವೆ ಕಾಳಿಗಿಂತ ಹಗುರ. ಒರೆಸದೆ ಬಿಟ್ಟ ಒಂದು ಹನಿ ಅಂಟು ಅದನ್ನು ಕೆಡಿಸುತ್ತದೆ. ಹುರುಪಿನಲ್ಲಿ ಒಪ್ಪಿಕೊಳ್ಳುವ ಮುಂಚೆ ನಿಮ್ಮ ಬ್ಯಾಲೆನ್ಸಿಂಗ್ ಯಂತ್ರಕ್ಕೆ ಅಷ್ಟು ಕಾಣುತ್ತದೆಯೇ ನೋಡಿಕೊಳ್ಳಿ.

ಬ್ಯಾಟರಿಯನ್ನೂ ಆಟೋಕ್ಲೇವಿಗೆ ಹಾಕುತ್ತಾರೆಯೇ? ಇಂಥ ಉಪಕರಣ ಮಾಡಿ ಮಾರಲು ಲೈಸೆನ್ಸ್ ಬೇಕೇ?
— ಓದುಗರು, ಹೊಸನಗರ

ಸಾಮಾನ್ಯ ಲಿಥಿಯಂ ಸೆಲ್ಲು 134 ಡಿಗ್ರಿ ತಡೆಯುವುದಿಲ್ಲ, ಹಾಕಲೇಬಾರದು. ಹ್ಯಾಂಡ್‌ಪೀಸ್ ಮಾತ್ರ ಬೇಯಿಸಿ, ಅದರ ಬಾಯಿಗೆ ಕ್ರಿಮಿರಹಿತ ಆಲಿಕೆಯಿಟ್ಟು, ಹೊರಗಿನವರು ಬ್ಯಾಟರಿಯನ್ನು ಅದರೊಳಗೆ ಮುಟ್ಟಿಸದೆ ಇಳಿಸುತ್ತಾರೆ, ಆಮೇಲೆ ಆಲಿಕೆ ತೆಗೆದು ಮುಚ್ಚಳ ಹಾಕುತ್ತಾರೆ. ಲೈಸೆನ್ಸ್ ಬೇಕು. 2017ರ ವೈದ್ಯಕೀಯ ಸಾಧನ ನಿಯಮಗಳಲ್ಲಿ ಅಪಾಯದ ಪ್ರಕಾರ ಎ, ಬಿ, ಸಿ, ಡಿ ಎಂಬ ನಾಲ್ಕು ವರ್ಗಗಳಿವೆ. ತಯಾರಿಕೆಗೆ ಮೊದಲೆರಡು ರಾಜ್ಯದ ಪ್ರಾಧಿಕಾರಕ್ಕೆ, ಉಳಿದೆರಡು ಕೇಂದ್ರಕ್ಕೆ. ಐಎಸ್‌ಒ 13485 (ಗುಣಮಟ್ಟ ನಿರ್ವಹಣೆಯ ಮಾನದಂಡ) ದಾಖಲೆಗಳನ್ನು ಮೊದಲ ಚಿತ್ರ ಬರೆಯುವ ದಿನದಿಂದಲೇ ಇಡಿ, ಕೊನೆಗೆ ಕೂತು ಹಿಂದಿನ ತಾರೀಖು ಹಾಕುವ ಕೆಲಸ ಆಗುವುದಿಲ್ಲ.

ನಾಯಿಗಳ ಮುರಿದ ಕಾಲಿಗೆ ಪ್ಲೇಟು ಹಾಕಲು ಹಾರ್ಡ್‌ವೇರ್ ಅಂಗಡಿಯ ಬ್ಯಾಟರಿ ಡ್ರಿಲ್ಲು ಬಳಸಬಹುದೇ?
— ಪಶುವೈದ್ಯ, ಸೊರಬ

ಬರಿದಾಗಿ ಬೇಡ. ಅದರ ಬೆನ್ನಿನ ತೂತುಗಳಿಂದ ಒಳಗಿನ ಫ್ಯಾನು ಗಾಳಿಯನ್ನು, ಬ್ರಶ್ ಇದ್ದರೆ ಇಂಗಾಲದ ಪುಡಿಯನ್ನೂ ಗಾಯದ ಕಡೆ ಊದುತ್ತದೆ. ಆಟೋಕ್ಲೇವಿಗೆ ಹಾಕಿದರೆ ಪ್ಲಾಸ್ಟಿಕ್ ಕವಚ ಸೊಟ್ಟಗಾಗುತ್ತದೆ. ಇದಕ್ಕೆಂದೇ ಮಾಡಿದ, ಆಟೋಕ್ಲೇವ್ ಆಗುವ ಬಟ್ಟೆಯ ಕವಚ, ಮುಂದೆ ಚಾಚುವ ಸ್ಟೀಲ್ ಚಕ್ಕು ಇರುವ ಜೋಡಿಗಳಿವೆ. ಡ್ರಿಲ್ಲು ಕವಚದೊಳಗೆ, ಕ್ರಿಮಿರಹಿತವಾದ ಚಕ್ಕು ಮಾತ್ರ ಹೊರಗೆ. ಕವಚ ಗಾಳಿಯನ್ನು ಕಟ್ಟುವುದರಿಂದ ಮೋಟರು ಬೇಗ ಕಾಯುತ್ತದೆ, ಸಣ್ಣ ಸಣ್ಣ ಸರದಿಯಲ್ಲಿ ಓಡಿಸಿ.

ಮೂಳೆ 47 ಡಿಗ್ರಿಯಲ್ಲಿ ಒಂದು ನಿಮಿಷ ಇದ್ದರೆ ಅದರ ಜೀವಕೋಶಗಳು ಸಾಯಲು ತೊಡಗುತ್ತವೆ ಎಂದು ಎರಿಕ್‌ಸನ್, ಆಲ್ಬ್ರೆಕ್ಟ್‌ಸನ್ 1983ರಲ್ಲಿ ತೋರಿಸಿದರು. ಹಾಗಾದಲ್ಲಿ ಸ್ಕ್ರೂ ಸಡಿಲವಾಗಬಹುದು. ಆದ್ದರಿಂದ ವೇಗ 1000 ಆರ್‌ಪಿಎಂ ಒಳಗಿರಲಿ, ಕೊರೆಯುವಾಗ ಸಹಾಯಕರು ತಣ್ಣನೆಯ ಕ್ರಿಮಿರಹಿತ ಸಲೈನ್ ಬಿಡುತ್ತಿರಲಿ, ಬಿಟ್ಟನ್ನು ನಡುನಡುವೆ ಹೊರಗೆಳೆದು ಚೂರು ಕೊಡವಿ. ಮೊಂಡಾದ ಬಿಟ್ಟು ಮೂಳೆಯನ್ನು ಕೊಯ್ಯುವ ಬದಲು ಉಜ್ಜುತ್ತದೆ, ಮೋಟರಿನ ಕರೆಂಟೂ ಏರುತ್ತದೆ. ಎಂದಿಗಿಂತ ಹೆಚ್ಚು ಒತ್ತಬೇಕಾಯಿತು ಎಂದರೆ ಬಿಟ್ಟು ಬದಲಿಸಿ, ಡ್ರಿಲ್ಲನ್ನಲ್ಲ.